ವಿದ್ಯುತ್ ಹರಿಸುವ ಜೆಲ್‌ನ ಹಿನ್ನೆಲೆ

ನೀರನ್ನು ಹೀರಿ ಉಬ್ಬಿದರೂ ನೀರಿನಲ್ಲಿ ಕರಗದ ಪಾಲಿಮರ್ ಜಾಲವೇ ಹೈಡ್ರೋಜೆಲ್. ಅದರೊಳಗೆ ವಿದ್ಯುತ್ ಹರಿಸುವ ಇನ್ನೊಂದು ಪಾಲಿಮರನ್ನು ಹೆಣೆದರೆ, ಹೃದಯದ ಮತ್ತು ನರಗಳ ಜೀವಕೋಶಗಳು ಬೇರೂರಿ ಬೆಳೆಯಲು ಒಪ್ಪುವ ಹಾಸು ಸಿಗುತ್ತದೆ. ಈ ಎರಡೂ ವಸ್ತುಗಳು ಹುಟ್ಟಿದ್ದು ಬೇರೆ ಬೇರೆ ದೇಶಗಳಲ್ಲಿ.

ಪ್ರಾಗ್‌ನ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ 1960ರಲ್ಲಿ ಶರೀರಕ್ಕೆ ಒಗ್ಗುವ ಜೆಲ್ ಒಂದನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನೂ ಸೈಕಲ್ ಡೈನಮೋವನ್ನೂ ಜೋಡಿಸಿ, ಮನೆಯಲ್ಲೇ ಅದರಿಂದ ಮೃದು ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದರು.

ವಿದ್ಯುತ್ ಹರಿಸುವ ಪಾಲಿಮರಿನ ಕಥೆ ಇನ್ನೂ ಹಳೆಯದು. 1862ರಲ್ಲಿ ಲಂಡನ್ನಿನ ಹೆನ್ರಿ ಲೆದಬಿ ಅನಿಲಿನ್ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಪಾಲಿಅನಿಲಿನ್‌ನ ಗಾಢವರ್ಣದ ಲೇಪವೊಂದನ್ನು ಪಡೆದಿದ್ದರು. 1963ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪಾಲಿಪಿರೋಲ್ ವಿದ್ಯುತ್ ಹರಿಸುವುದನ್ನು ತೋರಿಸಿದರೂ ಅದು ಹೆಚ್ಚು ಸದ್ದು ಮಾಡಲಿಲ್ಲ. 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಯಾರ್ಮಿಡ್, ಹೀಗರ್ ಪಾಲಿಅಸಿಟಿಲೀನ್‌ಗೆ ಅಯೋಡಿನ್ ಸೇರಿಸಿ ಅದರ ವಾಹಕತೆಯನ್ನು ವಿಪರೀತ ಹೆಚ್ಚಿಸಿದಾಗಲೇ ಲೋಕದ ಗಮನ ಇತ್ತ ಹರಿದದ್ದು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಗಾಳಿ ತಾಗಿದರೆ ಕೆಡುವ ಪಾಲಿಅಸಿಟಿಲೀನ್ ಮಾತ್ರ ಶರೀರದ ಕೆಲಸಕ್ಕೆ ಒದಗಲಿಲ್ಲ. ಆ ಜಾಗವನ್ನು ಪಾಲಿಪಿರೋಲ್, ಪಾಲಿಅನಿಲಿನ್, ಪೆಡಾಟ್ ತುಂಬಿದವು.

1994ರಲ್ಲಿ ಅಮೆರಿಕದ ಜಾಯ್ಸ್ ವಾಂಗ್, ರಾಬರ್ಟ್ ಲ್ಯಾಂಗರ್ ಮತ್ತು ಡೊನಾಲ್ಡ್ ಇಂಗ್‌ಬರ್ ಪಾಲಿಪಿರೋಲ್ ಪದರದ ವೋಲ್ಟೇಜ್ ಬದಲಿಸಿ ಅದರ ಮೇಲಿನ ಜೀವಕೋಶಗಳ ಆಕಾರವನ್ನೂ ಬೆಳವಣಿಗೆಯನ್ನೂ ನಿಯಂತ್ರಿಸಬಹುದೆಂದು ತೋರಿಸಿದರು. 1997ರ ಇನ್ನೊಂದು ಪ್ರಯೋಗದಲ್ಲಿ, ವಿದ್ಯುತ್ ಹಾಯಿಸಿದಾಗ ನರಕೋಶದಂಥ ಕೋಶಗಳ ಎಳೆಗಳು ಸುಮಾರು ಎರಡು ಪಟ್ಟು ಉದ್ದ ಬೆಳೆದವು.

ಆದರೆ ಆ ಪದರಗಳು ಒಣ, ಗಡಸು, ಬಿರುಸು. ಹೃದಯದ ಸ್ನಾಯುವಾದರೋ ಅವುಗಳಿಗಿಂತ ಸಾವಿರಾರು ಪಟ್ಟು ಮೆತ್ತಗೆ. ಈ ಅಂತರ ತುಂಬಲೆಂದೇ ಜೆಲ್‌ನೊಳಗೆ ಪಿರೋಲ್ ಅಥವಾ ಅನಿಲಿನ್ ಇಳಿಸಿ, ಅಲ್ಲೇ ಆಕ್ಸಿಡೀಕರಿಸುವ ವಿಧಾನ ಬಂತು. ಅಲ್ಲಿಯೂ ತೊಡಕಿತ್ತು: ನೀರು ಹೆಚ್ಚಿದಷ್ಟೂ ವಾಹಕ ಎಳೆಗಳು ದೂರವಾಗಿ ವಿದ್ಯುತ್ ಕುಗ್ಗುತ್ತಿತ್ತು. 2012ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು ತೌಡಿನಲ್ಲೂ ಇರುವ ಫೈಟಿಕ್ ಆಮ್ಲದಿಂದ ಪಾಲಿಅನಿಲಿನ್ ಎಳೆಗಳನ್ನು ನೇರವಾಗಿ ಬೆಸೆದು, ಬೇರೆ ಜೆಲ್‌ನ ಹಂಗೇ ಇಲ್ಲದಂತೆ ಮಾಡಿತು. ಆದರೆ ಪಾಲಿಅನಿಲಿನ್ ಆಮ್ಲೀಯ ಪರಿಸರದಲ್ಲಿ ಚುರುಕು; ಶರೀರದ 7.4 ಪಿಎಚ್‌ನಲ್ಲಿ ಮಂಕು. 2019ರಲ್ಲಿ ಎಂಐಟಿ ತಂಡ ಪೆಡಾಟ್ ಮಿಶ್ರಣವೊಂದನ್ನು ಒಣಗಿಸಿ, ಮತ್ತೆ ನೀರಿನಲ್ಲಿ ಉಬ್ಬಿಸಿ, ಶುದ್ಧ ವಾಹಕ ಜೆಲ್ ಪಡೆಯಿತು.

ಇಂಥ ಜೆಲ್ ತೇಪೆಗಳನ್ನು ಇಲಿಗಳ ಹೃದಯದ ಮೇಲೆ ಪರೀಕ್ಷಿಸಲಾಗಿದೆ. ಈ ವಾಹಕ ಪಾಲಿಮರ್‌ಗಳು ದೇಹದೊಳಗೆ ಸುಲಭವಾಗಿ ಕರಗಿ ಹೋಗದಿರುವುದೇ ಈಗ ಉಳಿದಿರುವ ದೊಡ್ಡ ಅಡ್ಡಿ.