ವಾಘೋಲಿಯ ನೀಲಿ ಹರಳು

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆಗೆ ಹೋಗುವ ರಸ್ತೆಯಲ್ಲಿ ವಾಘೋಲಿ ಸಿಗುತ್ತದೆ. ನಗರ ಬೆಳೆದಂತೆಲ್ಲ ಅದರ ಕಟ್ಟಡಗಳಿಗೆ, ರಸ್ತೆಗಳಿಗೆ ಇಲ್ಲಿನ ಕ್ವಾರಿಗಳು ಜಲ್ಲಿ ಒದಗಿಸಿದವು. 1980ರ ದಶಕದ ಕೊನೆಯ ವರ್ಷಗಳಲ್ಲಿ, ಒಡೆದ ಕಪ್ಪು ಬಂಡೆಯ ಪೊಳ್ಳುಗಳಲ್ಲಿ ಕಡುನೀಲಿ ಹರಳುಗಳ ಗೊಂಚಲುಗಳು ಕಂಡವು. ಬಿಳಿ ಸ್ಟಿಲ್ಬೈಟ್ ಹರಳುಗಳ ಮೇಲೆ ಪುಟ್ಟ ಹೂವಿನಂತೆ ಕುಳಿತಿದ್ದ ಆ ಖನಿಜದ ಹೆಸರು ಕ್ಯಾವನ್ಸೈಟ್.

ಹೆಸರಿಟ್ಟದ್ದು ಮಾತ್ರ ಬಹು ದೂರದಲ್ಲಿ. 1967ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಒವೈಹೀ ಅಣೆಕಟ್ಟಿನ ಬಳಿ ಹವ್ಯಾಸಿ ಸಂಗ್ರಾಹಕರ ಕಣ್ಣಿಗೆ ಈ ನೀಲಿ ಬಿತ್ತು. 1973ರಲ್ಲಿ ಸ್ಟೇಪಲ್ಸ್, ಇವಾನ್ಸ್ ಮತ್ತು ಲಿಂಡ್ಸೆ ಎಂಬ ಮೂವರು ವಿಜ್ಞಾನಿಗಳು ಅದರ ವಿವರ ಪ್ರಕಟಿಸಿದರು. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್ ಈ ಮೂರರ ಮೊದಲ ಅಕ್ಷರಗಳನ್ನು ಕೂಡಿಸಿ ಹೆಸರು ಕಟ್ಟಿದರು. ನೀಲಿ ಬಣ್ಣ ವನೇಡಿಯಂನ ಕೊಡುಗೆ.

ಅದೇ ಲೇಖನದಲ್ಲಿ ಇನ್ನೊಂದು ಖನಿಜವೂ ಇತ್ತು: ಪೆಂಟಗೊನೈಟ್. ಅದೂ ನೀಲಿಯೇ. ರಾಸಾಯನಿಕ ಸೂತ್ರವೂ ಒಂದೇ. ಹಾಗಿದ್ದರೆ ಎರಡು ಹೆಸರು ಏಕೆ?

ಒಂದೇ ಸಂಖ್ಯೆಯ ಚುಕ್ಕಿಗಳಿಂದ ಎರಡು ಬೇರೆ ರಂಗೋಲಿ ಬಿಡಿಸಬಹುದಲ್ಲ, ಇಲ್ಲಿ ನಡೆದಿರುವುದೂ ಅದೇ. ಸಿಲಿಕಾನ್ ಮತ್ತು ಆಮ್ಲಜನಕದ ಘಟಕಗಳು ಕೈಹಿಡಿದು ಹಾಳೆಗಳಾಗುತ್ತವೆ. ಕ್ಯಾವನ್ಸೈಟಿನ ಹಾಳೆಯಲ್ಲಿ ನಾಲ್ಕರ ಮತ್ತು ಎಂಟರ ಉಂಗುರಗಳಿವೆ. ಪೆಂಟಗೊನೈಟಿನಲ್ಲಿ ಆರರ ಉಂಗುರಗಳು. ಹಾಳೆಗಳ ನಡುವೆ ವನೇಡಿಯಂ, ಕ್ಯಾಲ್ಸಿಯಂ ಮತ್ತು ನೀರು ಕುಳಿತಿರುತ್ತವೆ. ಹಾಗಾಗಿ ಹರಳನ್ನು ಪುಡಿಮಾಡಿ ಯಾವ ಧಾತು ಎಷ್ಟಿದೆ ಎಂದು ಅಳೆದರೆ ಎರಡಕ್ಕೂ ಒಂದೇ ಉತ್ತರ. ಖಚಿತವಾಗಿ ಬೇರ್ಪಡಿಸಲು ಎಕ್ಸ್-ರೇ ವಿವರ್ತನೆ ನೆರವಾಗುತ್ತದೆ. ಪೆಂಟಗೊನೈಟ್ ಹರಳುಗಳು ಕೆಲವೊಮ್ಮೆ ಅವಳಿಯಾಗಿ ಬೆಳೆದು ಐದು ಮೂಲೆಯ ನಕ್ಷತ್ರದಂತೆ ಕಾಣುತ್ತವೆ. ಹೆಸರು ಬಂದದ್ದು ಅದರಿಂದಲೇ. ಕಣ್ಣಿಗೆ ಸಿಗುವ ಒಳ್ಳೆಯ ಸುಳಿವೂ ಅದೇ.

ನೀಲಿ ಎಂದ ಮಾತ್ರಕ್ಕೆ ಕ್ಯಾವನ್ಸೈಟ್ ಆಗಿಬಿಡುವುದಿಲ್ಲ. ತಾಮ್ರದ ಅಝುರೈಟ್ ಕೂಡ ನೀಲಿ, ಗಡಸುತನವೂ ಹತ್ತಿರ ಹತ್ತಿರ. ಆದರೆ ಅಝುರೈಟ್ ಕೈಗೆ ಭಾರ, ನೀರಿಗಿಂತ ಸುಮಾರು 3.8 ಪಟ್ಟು, ಕ್ಯಾವನ್ಸೈಟ್ ಕೇವಲ 2.3 ಪಟ್ಟಿನ ಆಸುಪಾಸು. ಅಝುರೈಟ್ ಕಾರ್ಬೊನೇಟ್ ಆದ್ದರಿಂದ ಆಮ್ಲ ತಾಗಿದರೆ ನೊರೆಯುತ್ತದೆ. ಕ್ಯಾವನ್ಸೈಟಿನ ಗಡಸುತನ 3ರಿಂದ 4ರೊಳಗೆ. ಚಾಕುವಿನ ಮೊನೆ ಗೀರು ಮೂಡಿಸುತ್ತದೆ. ಹೀಗೆ ಮೆದುವೂ ಪೆಳಸೂ ಆದ್ದರಿಂದ ಆಭರಣಕ್ಕೆ ಹೇಳಿಸಿದ್ದಲ್ಲ.

ಪುಣೆಯ ನೆಲಕ್ಕೆ ಈ ಸಂಪತ್ತು ಬಂದದ್ದು ದಖನ್ನಿನ ಲಾವಾದಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಆ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ನೆಲದಲ್ಲೂ ಇದೆ. ಅನಿಲದ ಗುಳ್ಳೆಗಳು ಬಿಟ್ಟ ಪೊಳ್ಳುಗಳಲ್ಲಿ ಮುಂದೆ ಖನಿಜ ಕರಗಿದ ಬಿಸಿನೀರು ಓಡಾಡಿ ಹರಳು ಕಟ್ಟಿತು. ಈ ಪೊಳ್ಳುಗಳ ಗುಟ್ಟು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಬಯಲಾದದ್ದು ರೈಲಿನಿಂದ. 1863ರಲ್ಲಿ ತೆರೆದ ಭೋರ್ ಘಾಟ್ ಮಾರ್ಗಕ್ಕಾಗಿ ಬಂಡೆ ಸೀಳುವಾಗ ಸಿಕ್ಕ ಹರಳುಗಳು ಯುರೋಪಿನ ಸಂಗ್ರಹಗಳನ್ನು ಸೇರಿದವು. ಅಂದು ರೈಲು ಮಾಡಿದ ಕೆಲಸವನ್ನು ನಂತರ ಜಲ್ಲಿಯ ಬೇಡಿಕೆ ಮಾಡಿತು.

ಆರೆಗಾನಿನಲ್ಲಿ ಹುಟ್ಟಿದ ಹೆಸರು ಜಗತ್ತಿಗೆ ಪರಿಚಯವಾದದ್ದು ವಾಘೋಲಿಯ ಹರಳುಗಳಿಂದ. ಇಂದಿಗೂ ಅತ್ಯುತ್ತಮ ಮಾದರಿಗಳ ಊರು ಇದೇ. ಪೆಂಟಗೊನೈಟ್ ಕೂಡ ಇಲ್ಲೇ ಸಿಕ್ಕಿದೆ. ಆದರೆ ಕ್ವಾರಿಯ ಲೆಕ್ಕ ಬೇರೆ. ಸಿಡಿಮದ್ದು ಪೊಳ್ಳನ್ನು ತೆರೆಯುತ್ತದೆ, ಕ್ರಷರ್ ಅದನ್ನು ಜಲ್ಲಿ ಮಾಡುತ್ತದೆ. ಈ ಎರಡರ ನಡುವಿನ ಅಲ್ಪ ಸಮಯದಲ್ಲಿ ಯಾರಾದರೂ ಬಗ್ಗಿ ಎತ್ತಿಕೊಂಡರಷ್ಟೇ ಹರಳು ಉಳಿದೀತು. ಎತ್ತಿದವರು ಯಾವ ಕ್ವಾರಿ, ಯಾವ ಪದರ, ಅಕ್ಕಪಕ್ಕ ಯಾವ ಖನಿಜ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಹರಳಿನ ಚರಿತ್ರೆಯೂ ಉಳಿಯುತ್ತದೆ. ಹರಳಿನೊಳಗಿನ ರಚನೆಯನ್ನು ಎಕ್ಸ್-ರೇ ಎಂದಾದರೂ ಹೇಳೀತು; ಅದು ಬಂದ ಜಾಗವನ್ನು ಹೇಳಬಲ್ಲದ್ದು ಆ ಚೀಟಿ ಮಾತ್ರ.