ಕಲಿಯುವ ಕೈಗೂ ಕೂಲಿ ಉಂಟೇ?

ರಾಣೆಬೆನ್ನೂರಿನ ಗ್ಯಾರೇಜಿನಲ್ಲೋ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲೋ ಕೆಲಸ ಕಲಿಯಲು ಸೇರಿದ ಯುವಕರನ್ನು ನೀವು ಕಂಡಿರಬಹುದು. ಅವರಿಗೆ ಸಂಬಳ ಕೊಡಬೇಕೇ? ಈ ಪ್ರಶ್ನೆ ಹಳೆಯದು. ಇಂಗ್ಲೆಂಡಿನ 1563ರ ಕಾನೂನು ಕಸುಬಿಗೆ ಏಳು ವರ್ಷಗಳ ಕಲಿಕೆಯನ್ನು ಕಡ್ಡಾಯ ಮಾಡಿತ್ತು. ಊಟ, ವಸತಿ ಯಜಮಾನನ ಮನೆಯಲ್ಲಿ. ಸಂಬಳ ಸಾಮಾನ್ಯವಾಗಿ ಇರಲಿಲ್ಲ. ಜರ್ಮನಿಯಲ್ಲಿ 1969ರ ವೃತ್ತಿ ಶಿಕ್ಷಣ ಕಾಯಿದೆ ಕಲಿಯುವವರ ಭತ್ಯೆಯನ್ನು ಹಕ್ಕೆಂದು ಸಾರಿತು.

ನಮ್ಮ ದೇಶದ 1961ರ ಅಪ್ರೆಂಟಿಸ್ ಕಾಯಿದೆ ನಡುಹಾದಿ ಹಿಡಿಯಿತು. ಅದರ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಕಾರ್ಥಿ; ಆದರೂ ಶಿಷ್ಯವೇತನ ಕೊಡಲೇಬೇಕು. 2019ರ ನಿಯಮಗಳು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ನಿಗದಿಪಡಿಸಿದವು. ಹಾವೇರಿಯಲ್ಲಿ ಐಟಿಐ ಮುಗಿಸಿ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರಕ್ಕೆ ಅಪ್ರೆಂಟಿಸ್ ಆಗಿ ಸೇರಿದವರಿಗೆ ಈ ಕಾಯಿದೆಯ ಆಸರೆಯಿದೆ. ಒಪ್ಪಂದಪತ್ರವಿಲ್ಲದೆ ಗ್ಯಾರೇಜು ಸೇರಿದವರಿಗೆ ಅದು ಸಿಗದು.

‘ಕಲಿಸುವುದೇ ಸಂಬಳ’ ಎನ್ನುವ ಯಜಮಾನರ ಮಾತಿನಲ್ಲಿ ಸ್ವಲ್ಪ ಸತ್ಯವುಂಟು. ಹೊಸಬರು ಸಾಮಾನು ಕೆಡಿಸುತ್ತಾರೆ, ವೇಳೆಯೂ ಹಿಡಿಯುತ್ತದೆ. ಆದರೆ ಕೈ ಪಳಗಿದ ಮೇಲೂ ಬರಿಗೈಯೇ ಆದರೆ, ಬಸ್ ಚಾರ್ಜು, ಊಟದ ಖರ್ಚು ಹೊರಬಲ್ಲ ಮನೆಯ ಮಕ್ಕಳಷ್ಟೇ ಕಸುಬು ಕಲಿತಾರು. ಶಿಷ್ಯವೇತನ ದಾನವಲ್ಲ, ಬಡವರ ಮಕ್ಕಳಿಗೂ ಕಸುಬಿನ ಬಾಗಿಲು ತೆರೆಯುವ ಕೀಲಿ. ಆದುದರಿಂದ ಕೆಲಸ ಕಲಿಯಲು ಸೇರುವ ಮುನ್ನ ಒಪ್ಪಂದಪತ್ರವನ್ನು ಕೇಳಿ ಪಡೆಯಿರಿ.