ಕಂಚಿನಲ್ಲಿ ಹೊಯ್ದ ‘ಏನೂ ಇಲ್ಲ’

ಪಾರಸಿ ಭಾಷೆಯಲ್ಲಿ ‘ಹೀಚ್’ ಎಂದೊಂದು ಚಿಕ್ಕ ಮಾತಿದೆ. ‘ಏನೂ ಇಲ್ಲ’ ಎಂದು ಅದರ ಅರ್ಥ. ಬರೆಯಲು ಮೂರೇ ಅಕ್ಷರ ಸಾಕು: ಹೇ, ಯೇ, ಚೇ. ಈ ಒಂದು ಮಾತನ್ನೇ ಹಿಡಿದು ಇರಾನಿನ ಶಿಲ್ಪಿ ಪರ್ವೀಜ್ ತನಾವೊಲಿಯವರು 1965ರಿಂದ ಹಲವು ದಶಕಗಳ ಕಾಲ ಶಿಲ್ಪಗಳನ್ನು ರಚಿಸಿದರೆಂದರೆ ನಿಮಗೆ ಸೋಜಿಗವೆನಿಸಬಹುದು.

ಇಸ್ಲಾಂ ಹರಡಿದ ನಾಡುಗಳಲ್ಲಿ ಅಂದವಾದ ಬರವಣಿಗೆ ಮೊದಲಿನಿಂದಲೂ ಹಿರಿಯ ಕಲೆ. ಇರಾನಿನಲ್ಲಿ 14ನೆಯ ಶತಮಾನದ ಸುಮಾರಿಗೆ ನಸ್ತಾಲಿಕ್ ಎಂಬ ಬರಹ ರೂಪುಗೊಂಡಿತು. ಇಳಿಜಾರಿನಲ್ಲಿ ಜಾರಿದಂತೆ ಬಾಗಿ ಬಳುಕುವ ಈ ಬರಹವೇ ಕಾವ್ಯಕ್ಕೆ ಒಪ್ಪಿಗೆಯಾಯಿತು. ಆ ಕಾವ್ಯವಾದರೋ ಲೋಕ ನಿಲ್ಲದೆಂಬುದನ್ನೂ, ಅರಸರ ಅರಮನೆಗಳು ಮಣ್ಣುಗೂಡಿದುದನ್ನೂ ಮತ್ತೆ ಮತ್ತೆ ನೆನೆದದ್ದು. ‘ಹೀಚ್’ ಅಲ್ಲಿ ಹಳೆಯ ನೆಂಟ.

1960ರ ದಶಕದ ಆರಂಭದಲ್ಲಿ ಟೆಹರಾನಿನ ತರುಣ ಕಲಾವಿದರ ಒಂದು ಗುಂಪಿಗೆ ‘ಸಕ್ಕಾಖಾನೆ’ ಪಂಥವೆಂದು ಹೆಸರು ಬಂತು. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದವರ ನೆನಪಿಗಾಗಿ ಬೀದಿಯಲ್ಲಿ ಕಟ್ಟಿದ ಅರವಟ್ಟಿಗೆಯೇ ಸಕ್ಕಾಖಾನೆ. ಹರಕೆ ಹೊತ್ತವರು ಅದರ ಸರಳುಗಳಿಗೆ ಬೀಗ ಹಾಕಿ ಹೋಗುವುದುಂಟು. ಆ ಬೀಗ, ಜಾಲರಿ, ಬರಹಗಳನ್ನು ಹೊಸ ಕಲೆಗೆ ತಂದವರಲ್ಲಿ ತನಾವೊಲಿಯವರೂ ಒಬ್ಬರು. ಆದರೆ ಚಿತ್ರಪಟಗಳ ತುಂಬ ಅಕ್ಷರ ತುರುಕುವುದೇ ಬರಬರುತ್ತ ಒಂದು ಗೀಳಾಯಿತು. ಇದರಿಂದ ಬೇಸತ್ತ ಅವರು ಮಿಕ್ಕೆಲ್ಲವನ್ನೂ ಬಿಟ್ಟು ಒಂದೇ ಮಾತನ್ನು ಉಳಿಸಿಕೊಂಡರು. ಉಳಿದದ್ದು ‘ಏನೂ ಇಲ್ಲ’!

ನಸ್ತಾಲಿಕ್ಕಿನ ‘ಹೇ’ ಅಕ್ಷರದಲ್ಲಿ ಎರಡು ಕಣ್ಣುಗಳಂಥ ಸುಳಿಗಳಿವೆ. ‘ಚೇ’ ಅಕ್ಷರಕ್ಕೆ ದುಂಡನೆಯ ಹೊಟ್ಟೆ. ಕಾಗದದ ಮೇಲೆ ಮಲಗಿದ್ದ ಈ ಮಾತನ್ನು ಶಿಲ್ಪಿ ಎಬ್ಬಿಸಿ ನಿಲ್ಲಿಸಿದರು. ನಿಂತಾಗ ಅದು ತಲೆ ಬಾಗಿಸಿದ ಮನುಷ್ಯನಂತೆಯೇ ತೋರುತ್ತದೆ. ಒಮ್ಮೆ ಕುರ್ಚಿಯ ಮೇಲೆ ಕೂರುತ್ತದೆ, ಇನ್ನೊಮ್ಮೆ ಜೊತೆಗಾರನನ್ನು ತಬ್ಬುತ್ತದೆ. ಇಲ್ಲವೆಂಬುದನ್ನು ಕೈಯಿಂದ ಎತ್ತಲಾಗದ ಕಂಚಿನಲ್ಲಿ ಎರಕ ಹೊಯ್ಯುವುದು ವಿನೋದವಲ್ಲವೇ? ಶಿಲ್ಪದ ಸತ್ತ್ವವೆಲ್ಲ ಈ ವಿನೋದದಲ್ಲೇ ಇದೆಯೆಂದು ನನ್ನ ಎಣಿಕೆ. ತಮ್ಮ ‘ಹೀಚ್’ ಹತಾಶೆಯ ಮಾತಲ್ಲ, ಅದರಲ್ಲಿ ಭರವಸೆಯೂ ಗೆಳೆತನವೂ ಇವೆ ಎಂಬುದು ಶಿಲ್ಪಿಯ ಅಭಿಪ್ರಾಯ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಹತ್ತು ವರ್ಷಗಳ ತರುವಾಯ ತನಾವೊಲಿಯವರು ಕೆನಡಾದ ವ್ಯಾಂಕೂವರಿಗೆ ಹೋಗಿ ನೆಲೆಸಿದರು. ಗ್ವಾಂಟನಾಮೊ ಸೆರೆಮನೆಯ ಬಂದಿಗಳ ಸ್ಥಿತಿಯನ್ನು ಕೇಳಿ ಮನನೊಂದು, 2005ರಲ್ಲಿ ಅವರು ‘ಹೀಚ್’ ಅನ್ನು ಒಂದು ಪಂಜರದೊಳಗೆ ಇಟ್ಟರು. ಅರವಟ್ಟಿಗೆಯ ಸರಳುಗಳನ್ನು ಬಲ್ಲ ಕೈ ಈ ಸರಳುಗಳನ್ನೂ ಮಾಡಿತು. ಆ ಶಿಲ್ಪ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿತು.